ಸರ್ಜಿಕಲ್ ವಾರ್ಡಿನ ಸಿಸ್ಟರ್‌ಗಳು ‘ತೃಪ್ತಿ ಇದೆ’ ಎಂದು ಗುರುತು ಹಾಕಿ, ಮರುವಾರ ವಾರ್ಡು ಬದಲಿಸಿಕೊಡಿ ಎನ್ನುವುದೇಕೆ?

ತುಂಗಾನಾಲೆ (ಪ್ರಶ್ನೆ)

ನಾನು ಶಿವಮೊಗ್ಗದಲ್ಲಿ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಅದಕ್ಕೂ ಮೊದಲು ನಾಲ್ಕು ವರ್ಷ ಸರ್ಜಿಕಲ್ ವಾರ್ಡಿನಲ್ಲಿ ದುಡಿದವಳು. ಶಸ್ತ್ರಚಿಕಿತ್ಸಾ ವಿಭಾಗದ ಶುಶ್ರೂಷಕರ ವೃತ್ತಿತೃಪ್ತಿಯನ್ನೇ ಪ್ರಬಂಧಕ್ಕೆ ಆರಿಸಿಕೊಂಡಿದ್ದೇನೆ. ಪಾಲ್ ಸ್ಪೆಕ್ಟರ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಪ್ರಕಟಿಸಿದ 36 ಹೇಳಿಕೆಗಳ ಪ್ರಶ್ನಾವಳಿಯನ್ನು ಇದಕ್ಕಾಗಿ ಕನ್ನಡಕ್ಕೆ ತಂದುಕೊಂಡಿದ್ದೇನೆ. ಸಂಬಳ, ಬಡ್ತಿ, ಮೇಲಧಿಕಾರಿ, ಸಹೋದ್ಯೋಗಿಗಳು, ಕೆಲಸದ ಸ್ವರೂಪ ಮುಂತಾದ ಒಂಬತ್ತು ಬಾಬತ್ತುಗಳನ್ನು ಮುಂದಿಟ್ಟು, ಪ್ರತಿ ಹೇಳಿಕೆಗೂ ಆರು ಹಂತಗಳಲ್ಲಿ ಒಂದನ್ನು ಗುರುತಿಸುವಂತೆ ಅದು ಕೇಳುತ್ತದೆ.

ಪೈಲಟ್ (ಪ್ರಾಯೋಗಿಕ) ಹಂತದಲ್ಲಿಯೇ ತೊಡಕು ಎದುರಾಗಿದೆ. ಪರಿಚಯದ ಸಿಸ್ಟರ್‌ಗಳಿಗೆ ಹಾಳೆ ಕೊಟ್ಟಾಗ ಹೆಚ್ಚಿನವರು ಪಾಳಿ ಬದಲಾಗುವಾಗ ಕೆಲಸ ವಹಿಸಿಕೊಡುವ ಹ್ಯಾಂಡೋವರ್ ಮುಗಿಯುವುದರೊಳಗೆ ಗುರುತು ಹಾಕಿ ಮರಳಿಸಿದರು. ಸಂಬಳದ ಒಂದೆರಡು ಸಾಲುಗಳನ್ನು ಬಿಟ್ಟರೆ ಉಳಿದ ಕಡೆಯೆಲ್ಲ ‘ಒಪ್ಪುತ್ತೇನೆ’ ಎಂಬ ಖಾನೆಗೇ ಗುರುತು ಬಿದ್ದಿದೆ. ಮಾತಿನಲ್ಲಿ ಕೇಳಿದರೂ ‘ಕೆಲಸ ತೃಪ್ತಿ ಇದೆ, ಏನೂ ತೊಂದರೆಯಿಲ್ಲ’ ಎಂದೇ ಹೇಳಿದರು. ಆದರೆ ಅವರಲ್ಲೇ ಇಬ್ಬರು ಮುಂದಿನ ವಾರ ತಮ್ಮನ್ನು ಹೊರರೋಗಿ ವಿಭಾಗಕ್ಕೆ ಹಾಕುವಂತೆ ಅರ್ಜಿ ಕೊಟ್ಟಿದ್ದಾರೆಂದು ತಿಳಿಯಿತು. ಹಾಗಾದರೆ ನಾನು ಕೇಳಬೇಕಾದದ್ದನ್ನು ಕೇಳುತ್ತಿಲ್ಲವೇ? ಸರ್ಜರಿಯ ಕೆಲಸದಲ್ಲಿ ಮಾತ್ರ ಇರುವ, ಮೆಡಿಕಲ್ ವಾರ್ಡಿನಲ್ಲಿಲ್ಲದ ಅತೃಪ್ತಿ ಏನಾದರೂ ಉಂಟೇ? ಅನುಭವವಿರುವವರು ಬರೆದರೆ ಉಪಕಾರವಾಗುತ್ತದೆ.

ಶರಾವತಿ ಹಿನ್ನೀರು

ನಾನು ಮೂವತ್ತೊಂದು ವರ್ಷ ಸೇವೆ ಮಾಡಿ ನಿವೃತ್ತಳಾದವಳು. ಅದರಲ್ಲಿ ಹತ್ತೊಂಬತ್ತು ವರ್ಷ ಸರ್ಜಿಕಲ್ ವಾರ್ಡಿನಲ್ಲಿ ಕಳೆಯಿತು. ಕೊನೆಯ ಕೆಲವು ವರ್ಷ ಇನ್‌ಚಾರ್ಜ್ ಆಗಿದ್ದೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ.

ಅವರು ‘ತೃಪ್ತಿ ಇದೆ’ ಎಂದದ್ದು ಪೂರ್ತಿ ಸುಳ್ಳಲ್ಲ ಎಂಬುದನ್ನು ಮೊದಲು ಹೇಳಬೇಕು. ಮೆಡಿಕಲ್ ವಾರ್ಡಿನಲ್ಲಿ ಉಬ್ಬಸದವರು, ಸಕ್ಕರೆ ಕಾಯಿಲೆಯವರು ಪ್ರತಿ ಮಳೆಗಾಲಕ್ಕೂ ಅದೇ ಮಂಚಕ್ಕೆ ಮರಳುತ್ತಾರೆ. ಸರ್ಜಿಕಲ್ ವಾರ್ಡಿನಲ್ಲಾದರೆ ಹೊಟ್ಟೆ ಹಿಡಿದುಕೊಂಡು ಮುದುಡಿ ಬಂದ ಹುಡುಗ ಅಪೆಂಡಿಕ್ಸ್ ತೆಗೆಸಿಕೊಂಡು ನಾಲ್ಕೈದು ದಿನಗಳಲ್ಲಿ ನೆಟ್ಟಗೆ ನಡೆದು ಮನೆಗೆ ಹೋಗುತ್ತಾನೆ. ಕೈಯಾರೆ ಡ್ರೆಸ್ಸಿಂಗ್ ಮಾಡಿದ ಗಾಯ ದಿನದಿಂದ ದಿನಕ್ಕೆ ಕೂಡಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ತುಮರಿ ಕಡೆಯ ಒಬ್ಬ ಅಜ್ಜಿ, ಇನ್ನೂ ಸೇತುವೆಯಿಲ್ಲದ ಕಾಲದಲ್ಲಿ, ಹೊಲಿಗೆ ಬಿಚ್ಚಿಸಿಕೊಳ್ಳಲು ಬರುವಾಗ ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟಿ, ಎರಡು ಬಸ್ಸು ಬದಲಿಸಿ ಒಂದು ತಂಬಿಗೆ ಜೋನಿಬೆಲ್ಲ ಹೊತ್ತು ತಂದಿದ್ದರು. ಉಡುಗೊರೆ ತೆಗೆದುಕೊಳ್ಳಬಾರದೆಂಬ ನಿಯಮ ನನಗೆ ಗೊತ್ತಿತ್ತು. ಆ ದಿನ ಅದನ್ನು ಮರೆತೆ.

ವಾರ್ಡು ಬದಲಿಸಿಕೊಡಿ ಎಂದು ನಾನೂ ಒಮ್ಮೆ ಅರ್ಜಿ ಬರೆದಿದ್ದೆ. ಅದಕ್ಕೆ ಸಂಬಳವಾಗಲಿ ಡಾಕ್ಟರ ಬೈಗುಳವಾಗಲಿ ಕಾರಣವಾಗಿರಲಿಲ್ಲ. ಆಷಾಢದ ಮಳೆಯ ನಡುವೆ ಎರಡು ದಿನ ಹೊಳವಾದಾಗ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತಿದ್ದ ಒಬ್ಬ ಕೊನೆಗಾರ, ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡು ಬಂದಿದ್ದ. ಮಲೆನಾಡಿನಲ್ಲಿ ಈ ಬೀಳುವಿಕೆಗೆ ಎರಡು ಸುಗ್ಗಿ: ಮಳೆಗಾಲದ ಔಷಧಿ ಸಿಂಪಡಣೆ ಒಂದು, ಅದು ಕಳೆದ ಮೇಲಿನ ಕೊನೆಕೊಯ್ಲು ಇನ್ನೊಂದು. ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲದ ಅಂಥ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನು ತಿರುಚದಂತೆ ಮರದ ದಿಮ್ಮಿಯನ್ನು ಉರುಳಿಸುವ ಹಾಗೆ ಇಡೀ ದೇಹವನ್ನು ಒಟ್ಟಿಗೆ ಹೊರಳಿಸಬೇಕಾದ್ದರಿಂದ ನಾಲ್ಕು ಜೊತೆ ಕೈಗಳಾದರೂ ಬೇಕು. ಆ ರಾತ್ರಿ ಮೂವತ್ತನಾಲ್ಕು ರೋಗಿಗಳಿಗೆ ನಾವಿದ್ದದ್ದು ಇಬ್ಬರು. ಸಂಜೆ ಓಟಿಯಿಂದ (ಆಪರೇಷನ್ ಥಿಯೇಟರಿನಿಂದ) ಶಸ್ತ್ರಚಿಕಿತ್ಸೆ ಮುಗಿದು ಬಂದ ಮೂವರು ಹೊಸ ಪೋಸ್ಟ್-ಆಪ್ ರೋಗಿಗಳಿದ್ದರು. ಮೊದಲ ಗಂಟೆ ಹದಿನೈದು ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ಅವರ ನಾಡಿ, ಬಿಪಿ ನೋಡಬೇಕಿತ್ತು. ಒಬ್ಬರ ಗಾಯಕ್ಕಿಟ್ಟ ಡ್ರೈನ್ ಕೊಳವೆಯಲ್ಲಿ ರಕ್ತ ಹೆಚ್ಚು ಬರತೊಡಗಿದ್ದರಿಂದ ರಕ್ತನಿಧಿಗೆ ನಾನೇ ಓಡಿದೆ. ನಡುವೆ ‘ಸಿಸ್ಟರ್, ಬಾಟಲಿ ಖಾಲಿಯಾಯ್ತು’ ಎಂಬ ಕರೆ ಪ್ರತಿ ಮಂಚದಿಂದಲೂ ಬರುತ್ತಲೇ ಇತ್ತು.

ಎರಡು ಗಂಟೆಯ ಸರದಿಯೂ ನಾಲ್ಕು ಗಂಟೆಯ ಸರದಿಯೂ ತಪ್ಪಿದವು. ಬೆಳಿಗ್ಗೆ ಚಾರ್ಟಿನಲ್ಲಿ ಮಾತ್ರ ಎರಡೂ ಖಾನೆಗಳಲ್ಲಿ ‘ಮಗ್ಗುಲು ಬದಲಿಸಲಾಗಿದೆ’ ಎಂದು ಬರೆದೆ. ಖಾಲಿ ಬಿಟ್ಟರೆ ಮೆಮೊ ಬರುತ್ತದೆ, ಬರೆದರೆ ಯಾರೂ ಕೇಳುವುದಿಲ್ಲ. ಎರಡು ದಿನಗಳ ಮೇಲೆ ಅವನ ಸೊಂಟದ ಕೆಳಗೆ ಚರ್ಮ ಕೆಂಪಗಾಯಿತು, ವಾರದೊಳಗೆ ಹುಣ್ಣಾಯಿತು. ಒಂದು ರಾತ್ರಿಯಿಂದಲೇ ಹುಣ್ಣಾಗುವುದಿಲ್ಲ, ಬೇರೆ ರಾತ್ರಿಗಳಲ್ಲೂ ಹೀಗೇ ಆಗಿರಬೇಕು ಎಂದು ಬುದ್ಧಿ ಹೇಳುತ್ತಿತ್ತು. ಆದರೂ ಅದು ನನ್ನ ಡ್ಯೂಟಿಯ ಹುಣ್ಣು ಎಂದೇ ನಾನು ತಿಳಿದುಕೊಂಡಿದ್ದೇನೆ.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಬೋಧನಾ ಆಸ್ಪತ್ರೆಗಳಿಗೆ ಮೂರು ಮಂಚಕ್ಕೊಬ್ಬರು ಎನ್ನುತ್ತದೆ. ಮೂರು ಪಾಳಿಗೆ ಹಂಚಿದರೆ ಪಾಳಿಯೊಂದಕ್ಕೆ ಒಂಬತ್ತು ಮಂಚಕ್ಕೊಬ್ಬರು. ರಜೆಯವರ ಬದಲಿಗೆಂದು ಶೇ. 30ರಷ್ಟು ಹೆಚ್ಚುವರಿ ಸಿಬ್ಬಂದಿ ಬೇರೆ. ಆ ರಾತ್ರಿ ನಮ್ಮಿಬ್ಬರ ತಲೆಗೆ ಹದಿನೇಳರಂತೆ ಬಿದ್ದಿತ್ತು. ‘ನಿನಗೆ ಕೆಲಸ ಇಷ್ಟವೇ’ ಎಂದು ಆಗ ನೀವು ಕೇಳಿದ್ದರೆ ನಾನೂ ಇಷ್ಟವೆಂದೇ ಗುರುತು ಹಾಕುತ್ತಿದ್ದೆ, ಏಕೆಂದರೆ ಅದು ನಿಜವಾಗಿತ್ತು. ‘ಇಂದು ಯಾವುದನ್ನು ಮಾಡದೆ ಬಿಟ್ಟೆ’ ಎಂದು ಯಾರೂ ಕೇಳಲಿಲ್ಲ.

ಓಟಿ ಬ್ರದರ್, ಸಾಗರ

ಸಿಸ್ಟರ್ ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ನನ್ನ ಸೇರ್ಪಡೆ ಇಷ್ಟು: ಓಟಿಯವರನ್ನೂ ವಾರ್ಡಿನವರನ್ನೂ ‘ಶಸ್ತ್ರಚಿಕಿತ್ಸಾ ವಿಭಾಗ’ ಎಂಬ ಒಂದೇ ಗೋಣಿಗೆ ತುಂಬಿದರೆ ನಿಮ್ಮ ಲೆಕ್ಕ ದಾರಿ ತಪ್ಪುತ್ತದೆ. ನನ್ನ ಮುಂದೆ ಒಂದು ಹೊತ್ತಿಗೆ ಒಬ್ಬನೇ ರೋಗಿ ಇರುತ್ತಾನೆ. ಮಾಡಬೇಕಾದ ಕೆಲಸ ಮಾಡದೆ ಉಳಿಯುವುದು ನಮ್ಮಲ್ಲಿ ಕಡಿಮೆ. ನಮ್ಮ ತೃಪ್ತಿ ಅತೃಪ್ತಿಗಳು ನಮ್ಮ ಮಾತಿಗೆ ಮೇಜಿನ ಸುತ್ತ ಬೆಲೆಯಿದೆಯೇ ಎಂಬುದರ ಮೇಲೆ ನಿಂತಿವೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗೆ 19 ಅಂಶಗಳ ಪಟ್ಟಿಯೊಂದನ್ನು ಹೊರತಂದಿತು. ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಓಟಿಯಿಂದ ಹೊರಡುವ ಮೊದಲು ಹೀಗೆ ಮೂರು ಸಲ ಎಲ್ಲರೂ ನಿಂತು ಬಾಯಿಬಿಟ್ಟು ಹೇಳಿ ಖಚಿತಪಡಿಸಿಕೊಳ್ಳಬೇಕು. ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೂ, ತೊಡಕುಗಳ ಪ್ರಮಾಣ ಶೇ. 11ರಿಂದ 7ಕ್ಕೂ ಇಳಿದಿತ್ತೆಂದು 2009ರಲ್ಲಿ ಪ್ರಕಟವಾಯಿತು. ಕೊಯ್ಯುವ ಮೊದಲು ತಂಡದ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಪಾತ್ರವನ್ನೂ ಹೇಳಿಕೊಳ್ಳಬೇಕೆಂಬುದು ಆ ಪಟ್ಟಿಯಲ್ಲಿದೆ. ಉಪಕರಣ, ಮಾಪ್ (ರಕ್ತ ಒರೆಸುವ ಬಟ್ಟೆ), ಸೂಜಿಗಳ ಎಣಿಕೆ ಸರಿಯಿದೆಯೆಂದು ಕೊನೆಯಲ್ಲಿ ಹೇಳಬೇಕಾದವರು ನರ್ಸ್. ಕಾಗದದ ಮೇಲಾದರೂ ಆ ಒಂದು ಗಳಿಗೆಯಲ್ಲಿ ನಮ್ಮ ಮಾತಿಗಾಗಿ ಸರ್ಜನ್ ಕಾಯಬೇಕು.

ನಾನು ಮೊದಲು ಕೆಲಸಕ್ಕಿದ್ದ ಕಡೆ ಒಂದು ದಿನ ಹೊಟ್ಟೆ ಮುಚ್ಚುವ ಮೊದಲು ಎಣಿಸಿದರೆ ಒಂದು ಮಾಪ್ ಕಡಿಮೆ ಬಂತು. ಸರ್ಜನ್‌ಗೆ ಅವಸರವಿತ್ತು. ‘ಸರಿಯಾಗಿ ಎಣಿಸಲು ಬರುವುದಿಲ್ಲವೇ’ ಎಂದರು. ನಾನು ಹೊಲಿಗೆಯ ದಾರ ಕೊಡಲಿಲ್ಲ. ಹತ್ತು ನಿಮಿಷ ಹುಡುಕಿದ ಮೇಲೆ ಬಕೆಟ್ಟಿನಲ್ಲಿ ರಕ್ತಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ಮಾಪ್‌ಗಳು ಸಿಕ್ಕವು. ಹೊಟ್ಟೆಯೊಳಗೆ ಏನೂ ಉಳಿದಿರಲಿಲ್ಲ. ಅವರು ಒಂದು ಮಾತನ್ನೂ ಆಡದೆ ಮುಚ್ಚಿ ಹೊರಟುಹೋದರು. ನನ್ನ ಕೆಲಸ ಹೋಯಿತೆಂದೇ ತಿಳಿದಿದ್ದೆ. ಮರುದಿನ ಮೊದಲ ಕೇಸಿನಲ್ಲಿ ಸೂಜಿಗೆ ಕೈ ಚಾಚುವ ಮೊದಲು ಅವರೇ ‘ಎಣಿಕೆ ಆಯಿತೇ’ ಎಂದು ನನ್ನ ಹೆಸರು ಹಿಡಿದು ಕೇಳಿದರು. ಆರು ತಿಂಗಳಲ್ಲಿ ಅವರು ನನ್ನ ಹೆಸರು ಹೇಳಿದ್ದು ಅದೇ ಮೊದಲು. ಇದನ್ನು ನಿಮ್ಮ ಪ್ರಶ್ನಾವಳಿಯ ಯಾವ ಖಾನೆಗೆ ಹಾಕುತ್ತೀರೋ ನನಗೆ ತಿಳಿಯದು.

ಈಗ ಹಲವು ಕಡೆ ಆ ಪಟ್ಟಿಯನ್ನು ಆಪರೇಷನ್ ಮುಗಿದ ಮೇಲೆ, ಯಾರಾದರೊಬ್ಬರು ಮೂಲೆಯಲ್ಲಿ ಕುಳಿತು, ಒಟ್ಟಿಗೆ ತುಂಬುತ್ತಾರೆ. ಸಿಸ್ಟರ್ ಹೇಳಿದ ಚಾರ್ಟಿನ ಕಥೆಯೇ ನಮ್ಮಲ್ಲೂ ಇದೆ.

ಅಳತೆಗೋಲು

ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನ ಕಲಿಸುವವನು. ಪ್ರಶ್ನೆ ಕೇಳಿದವರು ಒಂದು ಸುಳಿವನ್ನು ಕೈಯಲ್ಲೇ ಇಟ್ಟುಕೊಂಡು ಗಮನಿಸದಂತಿದೆ. ಸ್ಪೆಕ್ಟರರ ಪ್ರಶ್ನಾವಳಿಯಲ್ಲಿ ಸುಮಾರು ಅರ್ಧದಷ್ಟು ಹೇಳಿಕೆಗಳು ತಿರುವುಮುರುವಾಗಿವೆ. ಅವುಗಳನ್ನು ಒಪ್ಪುವುದೆಂದರೆ ಅತೃಪ್ತಿಯನ್ನು ಒಪ್ಪಿದಂತೆ. ಎಲ್ಲ ಸಾಲುಗಳಿಗೂ ‘ಒಪ್ಪುತ್ತೇನೆ’ ಎಂದವರು ತೃಪ್ತರೂ ಅಲ್ಲ, ಅತೃಪ್ತರೂ ಅಲ್ಲ. ಅವರು ಹಾಳೆಯನ್ನು ಓದಿಯೇ ಇಲ್ಲ. ಹ್ಯಾಂಡೋವರ್ ಹೊತ್ತಿನಲ್ಲಿ ಕೊಟ್ಟರೆ ಹಾಗಲ್ಲದೆ ಮತ್ತೇನಾದೀತು? ಆ ಹಾಳೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ತೃಪ್ತಿ, ಅತೃಪ್ತಿ ಒಂದೇ ಕೋಲಿನ ಎರಡು ತುದಿಗಳಲ್ಲ ಎಂಬ ವಾದವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತವರ ಸಂಗಡಿಗರು 1959ರಲ್ಲೇ ಮಂಡಿಸಿದ್ದರು. ಸಾಧನೆ, ಮೆಚ್ಚುಗೆ, ಕೆಲಸದ ತಿರುಳು ಇವು ತೃಪ್ತಿ ಕೊಡುತ್ತವೆ. ಸಂಬಳ, ಆಡಳಿತ, ಮೇಲ್ವಿಚಾರಣೆ ಕೆಟ್ಟಾಗ ಅತೃಪ್ತಿ ಹುಟ್ಟುತ್ತದೆ. ಆದ್ದರಿಂದ ಒಬ್ಬರಲ್ಲೇ ಎರಡೂ ಒಟ್ಟಿಗೆ ಇರಬಲ್ಲವು ಎಂಬುದು ಅದರ ಸಾರ. ಅವರು ಮಾತನಾಡಿಸಿದ್ದು ಪಿಟ್ಸ್‌ಬರ್ಗಿನ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ. ರಾತ್ರಿ ನಾಲ್ಕಕ್ಕೆ ರೋಗಿಯನ್ನು ಹೊರಳಿಸಬೇಕಾದವರು ಆ ಗುಂಪಿನಲ್ಲಿರಲಿಲ್ಲ. ಹೀಗಾಗಿ ಶರಾವತಿ ಹಿನ್ನೀರು ಅವರ ಅನುಭವ ಆ ಚೌಕಟ್ಟಿನಲ್ಲಿ ಕೂರುವುದಿಲ್ಲ. ಅವರಿಗೆ ತೃಪ್ತಿ ಕೊಟ್ಟದ್ದೂ ನೋವು ಕೊಟ್ಟದ್ದೂ ಕೆಲಸದ ಅದೇ ತಿರುಳು.

ನಿಮ್ಮ ವಿಷಯಕ್ಕೆ ಅತಿ ಹತ್ತಿರದ ಅಧ್ಯಯನವೆಂದರೆ ಲಿಂಡಾ ಏಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಹತ್ತು ಸಾವಿರಕ್ಕೂ ಹೆಚ್ಚು ನರ್ಸ್‌ಗಳನ್ನೂ ಎರಡು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸಾ ರೋಗಿಗಳ ದಾಖಲೆಗಳನ್ನೂ ಅವರು ಒಟ್ಟಿಗಿಟ್ಟು ನೋಡಿದರು. ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಿದಾಗ ಮೂವತ್ತು ದಿನಗಳೊಳಗಿನ ಸಾವಿನ ಸಂಭವ ಶೇ. 7ರಷ್ಟು, ನರ್ಸ್ ಕೆಲಸದಲ್ಲಿ ಬಸವಳಿಯುವ ಸಂಭವ ಶೇ. 23ರಷ್ಟು, ವೃತ್ತಿಯ ಅತೃಪ್ತಿಯ ಸಂಭವ ಶೇ. 15ರಷ್ಟು ಹೆಚ್ಚಿತ್ತು. ಅಲ್ಲಿ ಹೋಲಿಕೆಗೆ ತೆಗೆದುಕೊಂಡದ್ದು ಒಬ್ಬರಿಗೆ ನಾಲ್ವರಿಂದ ಎಂಟು ರೋಗಿಗಳವರೆಗಿನ ವ್ಯತ್ಯಾಸ. ಹದಿನೇಳು ಆ ಕೋಷ್ಟಕದಲ್ಲೇ ಇಲ್ಲ.

‘ಮಾಡದೆ ಉಳಿದ ಶುಶ್ರೂಷೆ’ ಎಂಬುದಕ್ಕೆ ಸಂಶೋಧನೆಯಲ್ಲಿ ಪ್ರತ್ಯೇಕ ಶಾಖೆಯೇ ಇದೆ. ಅಮೆರಿಕದ ಶುಶ್ರೂಷಾ ಸಂಶೋಧಕಿ ಬಿಯಾಟ್ರಿಸ್ ಕ್ಯಾಲಿಶ್ 2006ರಲ್ಲಿ ಅದರ ಬಗ್ಗೆ ಬರೆದ ಮೇಲೆ ಅದು ಬೆಳೆಯಿತು. ಹೊರಳಿಸುವುದು, ನಡೆದಾಡಿಸುವುದು, ಬಾಯಿ ಸ್ವಚ್ಛಗೊಳಿಸುವುದು, ಹೊತ್ತಿಗೆ ಸರಿಯಾಗಿ ಊಟ ಮಾಡಿಸುವುದು, ರೋಗಿಗೆ ತಿಳಿಹೇಳುವುದು ಇಂಥವೇ ಮೊದಲು ಬಿಟ್ಟುಹೋಗುವವು. ನಿಮ್ಮ ಗೈಡ್ ಒಪ್ಪಿದರೆ ತೃಪ್ತಿಯ ಪ್ರಶ್ನಾವಳಿಯ ಜೊತೆಗೆ ಇದನ್ನೂ ಇಡಿ.

ನೈಟ್ ಡ್ಯೂಟಿ 2

ಹಿರಿಯರು ಬರೆದದ್ದನ್ನೆಲ್ಲ ಒಪ್ಪುತ್ತೇನೆ, ಆದರೆ ಸಂಬಳದ ಸಾಲನ್ನು ಇಷ್ಟು ಬೇಗ ದಾಟಬೇಡಿ. ಸರ್ಕಾರಿ ಸೇವೆಯಲ್ಲಿರುವವರಿಗೆ ಅದು ಕೊನೆಯ ಪ್ರಶ್ನೆಯಾಗಬಹುದು. ನನ್ನಂತೆ ಸಣ್ಣ ಖಾಸಗಿ ನರ್ಸಿಂಗ್ ಹೋಮಿನಲ್ಲಿರುವವರಿಗೆ ಅದೇ ಮೊದಲನೆಯದು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಗಳು ರಾಜ್ಯ ಸರ್ಕಾರಿ ನರ್ಸ್‌ಗಳಿಗೆ ಸಮನಾಗಿ, 100ಕ್ಕಿಂತ ಹೆಚ್ಚಿರುವವು ಅದಕ್ಕಿಂತ ಶೇ. 10ಕ್ಕೆ ಮೀರದಷ್ಟು ಕಡಿಮೆಯಾಗಿ, 50ರಿಂದ 100 ಇರುವವು ಶೇ. 25ಕ್ಕೆ ಮೀರದಷ್ಟು ಕಡಿಮೆಯಾಗಿ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದು ಎಂದು ಶಿಫಾರಸು ಮಾಡಿತ್ತು. ನಾನಿರುವ ಕಡೆ ಆ ಕೊನೆಯ ಅಂಕಿಯನ್ನು ಕೇಳಿದರೆ ನಗುತ್ತಾರೆ.

ಮೂರು ವರ್ಷದ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮುಗಿಸಿದ ನಮ್ಮ ಬ್ಯಾಚಿನವರಲ್ಲಿ ಊರಲ್ಲೇ ಉಳಿದವರು ಬೆರಳೆಣಿಕೆಯಷ್ಟು ಜನ. ಉಳಿದವರು ಬೆಂಗಳೂರಿಗೋ ಮಂಗಳೂರಿಗೋ ಹೋದರು, ಇಬ್ಬರು ವಿದೇಶದ ಪರೀಕ್ಷೆಗೆ ಓದುತ್ತಿದ್ದಾರೆ. ಇನ್ನೊಂದು ವಿಷಯ: ಸಂಜೆಯ ಪಾಳಿ ಎಂಟಕ್ಕೆ ಮುಗಿದರೆ ತೀರ್ಥಹಳ್ಳಿ ಆಚೆಯ ಹಳ್ಳಿಗೆ ಹೋಗುವವಳಿಗೆ ಬಸ್ಸಿಲ್ಲ. ಮಳೆಗಾಲದಲ್ಲಿ ದಾರಿಗೆ ಮರ ಬಿದ್ದು ಬದಲಿಯವಳು ಬಾರದಿದ್ದರೆ ಅದೇ ಸಮವಸ್ತ್ರದಲ್ಲಿ ರಾತ್ರಿಯನ್ನೂ ಕಳೆಯಬೇಕು. ‘ಸಹೋದ್ಯೋಗಿಗಳು’ ಎಂಬ ಬಾಬತ್ತಿನಲ್ಲಿ ನಾನು ಕಡಿಮೆ ಅಂಕ ಕೊಟ್ಟರೆ ಅದು ಅವಳ ಮೇಲಿನ ಸಿಟ್ಟಲ್ಲ, ಆ ಮರದ ಮೇಲಿನದು.

ಸ್ಕಾಲ್‌ಪೆಲ್

ನಾನು ಸರ್ಜನ್. ಮಾಪ್ ಎಣಿಕೆಯ ಹೊತ್ತಿಗೆ ಗದರಿದ ಆ ಸರ್ಜನ್ ನಾನಲ್ಲ, ಆದರೆ ಹಾಗೆ ಗದರಿದ್ದುಂಟು. ಇಲ್ಲಿ ಯಾರೂ ಎತ್ತದ ಒಂದು ಸಂಗತಿಯಿದೆ. ಕೊಲೊಸ್ಟಮಿ ಚೀಲ ಕಟ್ಟುವುದನ್ನು, ಅದರ ಸುತ್ತಲ ಚರ್ಮ ಕಾಯುವುದನ್ನು, ಹೊಟ್ಟೆಯ ಮೇಲೆ ಮಲದ ಚೀಲ ಕಂಡು ಕಂಗೆಟ್ಟ ರೋಗಿಗೆ ಧೈರ್ಯ ಹೇಳುವುದನ್ನು ಒಬ್ಬ ಸಿಸ್ಟರ್ ವರ್ಷವಿಡೀ ಕಲಿತಿರುತ್ತಾರೆ. ಅಷ್ಟರಲ್ಲಿ ಸರದಿಯ ಪ್ರಕಾರ ಅವರನ್ನು ಮಕ್ಕಳ ವಾರ್ಡಿಗೆ ಹಾಕುತ್ತಾರೆ. ಅವರ ಕೈಯಲ್ಲಿದ್ದ ವಿದ್ಯೆಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ‘ಸ್ಟಾಫ್ ನರ್ಸ್’ ಹೋಗಿ ‘ಶುಶ್ರೂಷಾಧಿಕಾರಿ’ ಎಂಬ ಪದನಾಮ ಬಂತು, ಒಳ್ಳೆಯದೇ. ಆದರೆ ಒಂದು ವಿಷಯದಲ್ಲಿ ಪಳಗಿದವರಿಗೆ ಆ ವಿಷಯದಲ್ಲೇ ಮೇಲೇರುವ ದಾರಿ ಇಲ್ಲ. ಬಡ್ತಿಯೆಂದರೆ ರೋಗಿಯ ಮಗ್ಗುಲಿನಿಂದ ಎದ್ದು ಸಾಮಾನು ತರಿಸುವ ಇಂಡೆಂಟ್ ಪುಸ್ತಕದ ಮುಂದೆ ಕೂರುವುದು ಎಂದಾಗಿದೆ. ವಿಮಾ ಯೋಜನೆಗಳ ಅನುಮತಿಗೆ ಫೋಟೊ, ಕಾಗದಪತ್ರ ಹೊಂದಿಸುವ ಕೆಲಸವೂ ಈಗ ಅವರ ಮೇಲೇ ಬಿದ್ದಿದೆ. ಅದು ಶುಶ್ರೂಷೆಯಲ್ಲ ಎಂದು ನಾವು ವೈದ್ಯರಾದರೂ ಹೇಳಬೇಕಿತ್ತು, ಹೇಳಿಲ್ಲ.

ತುಂಗಾನಾಲೆ

ಎಲ್ಲರಿಗೂ ಋಣಿ. ತಿರುವುಮುರುವಾದ ಹೇಳಿಕೆಗಳನ್ನು ಗಮನಿಸದಿದ್ದದ್ದು ನನ್ನದೇ ಅಜಾಗರೂಕತೆ. ಪೈಲಟ್ ಹಾಳೆಗಳನ್ನು ತೆಗೆದಿಟ್ಟಿದ್ದೇನೆ. ವಾರ್ಡು, ಓಟಿ ಎಂದು ಎರಡು ಗುಂಪು ಮಾಡುತ್ತೇನೆ, ಸರ್ಕಾರಿ ಹಾಗೂ ಖಾಸಗಿಯವರನ್ನೂ ಬೇರೆಯಾಗಿಯೇ ನೋಡುತ್ತೇನೆ. ಹೊಸದಾಗಿ ಸೇರಿಸಬೇಕೆಂದಿರುವ ಪ್ರಶ್ನೆ ಇದು: ‘ನಿಮ್ಮ ಹಿಂದಿನ ಪಾಳಿಯಲ್ಲಿ ಮಾಡಬೇಕಿದ್ದು ಮಾಡಲಾಗದೆ ಉಳಿದ ಕೆಲಸಗಳಿಗೆ ಗುರುತು ಹಾಕಿ.’ ಕೆಳಗೆ ಹತ್ತು ಹನ್ನೆರಡು ಕೆಲಸಗಳನ್ನೂ, ಎದುರಿಗೆ ‘ಮಾಡಿದೆ’, ‘ಮಾಡಲಾಗಲಿಲ್ಲ’ ಎಂಬ ಎರಡು ಖಾನೆಗಳನ್ನೂ ಕೊಡುತ್ತೇನೆ. ಇದು ಸಾಕೇ?

ಶರಾವತಿ ಹಿನ್ನೀರು

ಮೂರನೆಯ ಖಾನೆಯೊಂದು ಬೇಕು: ‘ಮಾಡಲಾಗಲಿಲ್ಲ, ಆದರೆ ಮಾಡಿದೆನೆಂದು ಬರೆದೆ.’

ತುಂಗಾನಾಲೆ

ಅದಕ್ಕೆ ಯಾರು ಗುರುತು ಹಾಕುತ್ತಾರೆ, ಸಿಸ್ಟರ್? ನೌಕರಿಗೇ ಕುತ್ತು ಬಂದೀತೆಂಬ ಭಯವಿರುತ್ತದೆ.

ಅಳತೆಗೋಲು

ಹಾಕುತ್ತಾರೆ, ಹಾಕುವಂತೆ ನೀವು ವ್ಯವಸ್ಥೆ ಮಾಡಿದರೆ. ಹೆಸರು ಬೇಡ. ವಯಸ್ಸು, ಸೇವಾವಧಿಯನ್ನೂ ಕೇಳಬೇಡಿ. ಹತ್ತು ಜನರ ವಾರ್ಡಿನಲ್ಲಿ ‘ಸೇವೆ 22 ವರ್ಷ’ ಎಂದು ಬರೆದರೆ ಹೆಸರು ಬರೆದಂತೆಯೇ. ಹಾಳೆಗಳನ್ನು ಇನ್‌ಚಾರ್ಜ್ ಕೈಯಿಂದ ಹಂಚಿಸಬೇಡಿ. ಮನೆಗೆ ಕೊಟ್ಟು ಕಳುಹಿಸಿ, ಅಂಟಿಸಿದ ಲಕೋಟೆಯಲ್ಲಿ ತಂದು ಆಸ್ಪತ್ರೆಯ ಹೊರಗಿಟ್ಟ ಪೆಟ್ಟಿಗೆಗೆ ಹಾಕಲು ಹೇಳಿ. ನೈತಿಕ ಸಮಿತಿಗೆ ಸಲ್ಲಿಸುವ ಅರ್ಜಿಯಲ್ಲಿ ಆ ಮೂರನೆಯ ಖಾನೆಯನ್ನು ಬಚ್ಚಿಡದೆ ತೋರಿಸಿ. ಅವರು ಆಕ್ಷೇಪಿಸಿದರೆ ಆಕ್ಷೇಪವನ್ನು ಬರಹದಲ್ಲಿ ಪಡೆದುಕೊಳ್ಳಿ, ಮುಂದಿನದನ್ನು ಆಮೇಲೆ ನೋಡೋಣ.